ಸಂಗೀತವೂ ಒಂದು ಕಸುಬು

ನಮ್ಮ ವ್ಯಾಪಾರಿ ಮನೆಗಳಲ್ಲೂ ಮಗ ಅಥವಾ ಮಗಳು ಹಾಡುವುದನ್ನೇ ಕಸುಬು ಮಾಡಿಕೊಳ್ಳುತ್ತೇನೆ ಎಂದರೆ ಹಿರಿಯರು ಗಾಬರಿಯಾಗುತ್ತೇವೆ. ಬೇಡವೆನ್ನುವ ಮೊದಲು ಲೆಕ್ಕ ನೋಡೋಣ.

ಗದುಗಿನ ಭೀಮಸೇನ ಜೋಶಿಯವರು 1933ರಲ್ಲಿ, 11ರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಮುಂದೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತರು. ಮುಂಬಯಿಯಲ್ಲಿ ರೇಡಿಯೋ ಕಲಾವಿದರಾದದ್ದು 1943ರಲ್ಲಿ. ಅಂದರೆ 10 ವರ್ಷ ಬರೀ ಬಂಡವಾಳವೇ. ಅಂಥ ವರ್ಷಗಳಲ್ಲಿ ಹೊಟ್ಟೆ ಹೊರೆಯುವುದು ಪಾಠ ಹೇಳುವುದರಿಂದ, ಮದುವೆ-ಉತ್ಸವಗಳ ಸಣ್ಣ ಕಚೇರಿಗಳಿಂದ. ಆದ್ದರಿಂದ ಡಿಗ್ರಿಯನ್ನು ನಡುವೆ ಬಿಡಿಸಬಾರದು.

ಇನ್ನು ಕಾಗದಪತ್ರದ ಮಾತು. ಹಿಂದೆ ಸಿನಿಮಾ ಹಾಡು ಬರೆದವರು, ರಾಗ ಹಾಕಿದವರು ಬಹಳಷ್ಟು ಮಂದಿ ಒಮ್ಮೆ ಇಡಿಗಂಟು ಪಡೆದು ಎಲ್ಲ ಹಕ್ಕನ್ನೂ ಬರೆದುಕೊಡುತ್ತಿದ್ದರು. 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ ಅವರ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಡಲು ಬರುವುದಿಲ್ಲ. ವಾರಸುದಾರರಿಗೆ ಇಲ್ಲವೆ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ವಹಿಸಬಹುದು. ಆದರೆ ಸಂಘದಲ್ಲಿ ಹೆಸರು ನೋಂದಾಯಿಸಿ, ತಮ್ಮ ಹಾಡುಗಳನ್ನು ಬರೆಸದಿದ್ದರೆ ಹಣ ತಾನಾಗಿ ಮನೆಗೆ ಬಾರದು.

ರಾಗ-ತಾಳ ನಮಗೆ ತಿಳಿಯದಿರಬಹುದು. ಕರಾರುಪತ್ರ ಓದುವುದು ನಮಗೆ ನಿತ್ಯದ ಕೆಲಸ. ಮಕ್ಕಳು ಸಹಿ ಹಾಕುವ ದಿನ ಪಕ್ಕದಲ್ಲಿ ಕುಳಿತು ಪ್ರತಿ ಸಾಲನ್ನೂ ಓದಿಸೋಣ.