ಶೇ 2ರಷ್ಟು ಕೋಶ, ಬೆಟ್ಟದಷ್ಟು ಆಸೆ

ಈ ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತುವಂತಿಲ್ಲ. ಬಟ್ಟೆ ಬದಲಿಸಲು ಎರಡೂ ಪಾದ ಹಿಡಿದು ಮೇಲೆತ್ತುವಂತಿಲ್ಲ. ಒಂದು ಅಂಗೈ ಕುಂಡೆಯ ಕೆಳಗೆ, ಇನ್ನೊಂದು ತಲೆ–ಭುಜದ ಕೆಳಗೆ, ಬೆರಳುಗಳನ್ನು ಅಗಲವಾಗಿ ಹರಡಿ ನಿಧಾನಕ್ಕೆ ಎತ್ತಬೇಕು. ಅಷ್ಟೆಲ್ಲ ಎಚ್ಚರ ವಹಿಸಿದರೂ ತೊಡೆಯ ಮೂಳೆ ಲಟಕ್ಕನೆ ಮುರಿದೀತು. ಅನೇಕ ಮಕ್ಕಳಲ್ಲಿ ಕಣ್ಣಿನ ಬಿಳಿಭಾಗ ನೀಲಿಯಾಗಿ ಕಾಣುತ್ತದೆ. ಕಾಯಿಲೆಯ ಹೆಸರು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ಚಿಕ್ಕದಾಗಿ ಓಐ. ಸುಮಾರು 15ರಿಂದ 20 ಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುತ್ತದೆ.

ಕೊರತೆ ಕ್ಯಾಲ್ಸಿಯಂನದಲ್ಲ, ಹಾಲು, ರಾಗಿ ಎಷ್ಟು ಕೊಟ್ಟರೂ ಇದು ಗುಣವಾಗದು. ಮೂಳೆಯನ್ನು ಕಾಂಕ್ರೀಟ್ ಎಂದುಕೊಂಡರೆ ಕೊಲಾಜೆನ್ ಎಂಬ ಪ್ರೋಟೀನ್ ಒಳಗಿನ ಕಬ್ಬಿಣದ ಕಂಬಿ. ಆ ಕಂಬಿ ತಯಾರಿಸುವ ಜೀನ್‌ನಲ್ಲೇ ದೋಷ. ತಂದೆ–ತಾಯಿ ಇಬ್ಬರೂ ಆರೋಗ್ಯವಂತರಾಗಿದ್ದರೂ ಮಗುವಿನಲ್ಲಿ ಅದು ಹೊಸದಾಗಿ ಮೂಡಬಹುದು. ಸೊಸೆಯ ತವರನ್ನು ದೂರುವವರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಮೂಳೆ ಕಟ್ಟುವ ಕೋಶಗಳು ಹುಟ್ಟುವುದು ಮಜ್ಜೆಯಲ್ಲಿರುವ ಆಕರಕೋಶಗಳಿಂದ, ಅಂದರೆ ಸ್ಟೆಮ್ ಸೆಲ್‌ಗಳಿಂದ. ಆರೋಗ್ಯವಂತರ ಆಕರಕೋಶ ಕೊಟ್ಟರೆ ಸರಿಯಾದ ಕೊಲಾಜೆನ್ ಬಂದೀತೇ? ಅಮೆರಿಕದ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಎಡ್ವಿನ್ ಹಾರ್ವಿಟ್ಜ್ ತಂಡ ಇದನ್ನು ಪರೀಕ್ಷಿಸಿತು. ಮೂವರು ಮಕ್ಕಳಿಗೆ ಮಜ್ಜೆ ಕಸಿ ಮಾಡಿದ ವರದಿ 1999ರಲ್ಲಿ ಬಂತು. ದಾನಿಯಿಂದ ಬಂದ ಮೂಳೆಕೋಶಗಳು ಶೇ 2ನ್ನೂ ದಾಟಿರಲಿಲ್ಲ. 2002ರಲ್ಲಿ ಆರು ಮಕ್ಕಳಿಗೆ ಮಜ್ಜೆಯಿಂದ ಬೆಳೆಸಿದ ಕೋಶಗಳನ್ನಷ್ಟೇ ಕೊಟ್ಟಾಗ ಐವರಲ್ಲಿ ಅವು ಸ್ವಲ್ಪಮಟ್ಟಿಗೆ ನೆಲೆಯೂರಿದವು. ವಿಚಿತ್ರವೆಂದರೆ, ಅಷ್ಟಕ್ಕೇ ಆ ಐವರ ಬೆಳವಣಿಗೆಯ ವೇಗ ಕೆಲವು ತಿಂಗಳು ಏರಿತು. ಬಂದ ಕೋಶಗಳು ತಾವೇ ಮೂಳೆ ಕಟ್ಟುವುದಕ್ಕಿಂತ ಹೆಚ್ಚಾಗಿ, ತಾವು ಸ್ರವಿಸುವ ಅಂಶಗಳಿಂದ ಮಗುವಿನ ಕೋಶಗಳನ್ನೇ ಚುರುಕುಗೊಳಿಸುತ್ತವೆ ಎಂಬುದು ಈಗಿನ ಬಲವಾದ ಅನುಮಾನ.

ಸ್ವೀಡನ್‌ನ ಕರೋಲಿನ್‌ಸ್ಕಾ ಸಂಸ್ಥೆಯವರು ಇನ್ನೂ ಮುಂದೆ ಹೋದರು. ಗರ್ಭದಲ್ಲೇ ಮೂಳೆ ಮುರಿದುಕೊಂಡಿದ್ದ ಹೆಣ್ಣು ಭ್ರೂಣಕ್ಕೆ ಎಂಟನೇ ತಿಂಗಳ ಹೊತ್ತಿಗೆ ಆಕರಕೋಶ ಚುಚ್ಚಿದರು. ವರದಿ ಬಂದದ್ದು 2005ರಲ್ಲಿ. ಎಂಟನೇ ವಯಸ್ಸಿನಲ್ಲಿ ಆ ಹುಡುಗಿಗೆ ಅದೇ ದಾನಿಯ ಕೋಶಗಳನ್ನು ಮತ್ತೆ ಕೊಟ್ಟರು. ಮುಂದಿನ ಎರಡು ವರ್ಷ ಹೊಸ ಮುರಿತವಿಲ್ಲ, ಅವಳು ನೃತ್ಯದ ತರಗತಿಗೂ ಸೇರಿದಳು. ಓದಿದರೆ ಮನಸ್ಸು ತುಂಬಿ ಬರುತ್ತದೆ, ನಿಜ. ಆದರೆ ನಾಲ್ಕು ತಿಂಗಳ ಕೂಸಾಗಿದ್ದಾಗಲೇ ಅವಳಿಗೆ ಮೂಳೆ ಸವೆತ ತಡೆಯುವ ಔಷಧವೂ ಶುರುವಾಗಿತ್ತು. ಯಾವುದರ ಫಲ ಎಷ್ಟು? ಒಬ್ಬಳ ಕಥೆಯಿಂದ ಉತ್ತರ ಸಿಗದು. ಅದಕ್ಕೇ ಯುರೋಪಿನಲ್ಲಿ ಬೂಸ್ಟ್‌ಬಿ4 ಎಂಬ ಪ್ರಯೋಗ ಆರಂಭವಾಯಿತು. ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಕೂಡ ಕರೋಲಿನ್‌ಸ್ಕಾ ಜೊತೆ ಸೇರಿ ಮಕ್ಕಳಲ್ಲಿ ಇಂಥದೇ ಪ್ರಯೋಗ ಕೈಗೊಂಡಿದೆ.

ಹೀಗೆ ಇದು ಇಂದಿಗೂ ಪ್ರಯೋಗವೇ ಹೊರತು ಚಿಕಿತ್ಸೆಯಲ್ಲ. ಜೀನ್‌ನ ದೋಷ ಹಾಗೆಯೇ ಉಳಿಯುತ್ತದೆ, ಕೋಶಗಳ ಪ್ರಭಾವ ಕ್ರಮೇಣ ಇಳಿಯುತ್ತದೆ. ಸದ್ಯಕ್ಕೆ ಕೈಹಿಡಿಯುವುದು ಹಳೆಯ ದಾರಿಗಳೇ: ಮೂಳೆ ಸವೆತ ತಡೆಯುವ, ಪಾಮಿಡ್ರೋನೇಟ್‌ನಂಥ ಬಿಸ್ಫಾಸ್ಫೊನೇಟ್ ಡ್ರಿಪ್, ಮಗು ಬೆಳೆದಂತೆ ತಾನೂ ಉದ್ದವಾಗುವ ಲೋಹದ ಸರಳು, ಫಿಸಿಯೋಥೆರಪಿ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿ ಓಐ ಇದೆ. ಆ ನೀತಿಯಡಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವನ್ನು ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಲಾಗಿದೆ. ಮೊದಲು ಅಲ್ಲಿ ವಿಚಾರಿಸಿ.

‘ಸ್ಟೆಮ್ ಸೆಲ್ ಹಾಕಿದರೆ ಗುಣವಾಗುತ್ತದೆ, ಇಷ್ಟು ಲಕ್ಷ ಕಟ್ಟಿ’ ಎಂದು ಯಾರಾದರೂ ಹೇಳಿದರೆ, ಸಿಟಿಆರ್‌ಐ (ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ರಕ್ತದ ಕೆಲವು ಕಾಯಿಲೆಗಳಂಥವನ್ನು ಬಿಟ್ಟರೆ ಆಕರಕೋಶವನ್ನು ಪ್ರಯೋಗದ ಹೊರಗೆ ಬಳಸಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ಪ್ರಯೋಗಕ್ಕೆ ಸೇರಿದ ಮಗುವಿನ ಪೋಷಕರಿಂದ ಆ ಕೋಶಗಳಿಗಾಗಿ ಹಣ ಪಡೆಯುವಂತಿಲ್ಲ. ಜಮೀನು ಮಾರುವ ಮುನ್ನ ಇಷ್ಟು ವಿಚಾರಿಸಿ.