ಒತ್ತೋದಕ್ಕೂ ಒಂದು ಅಳತೆ ಐತಿ

ಸಂಜೆ ಆರು ದಾಟಿದರೆ ದುರ್ಗದಬೈಲ್‌ನಲ್ಲಿ ಕಾಲಿಡೋಕೂ ಜಾಗ ಇರೋದಿಲ್ಲ. ಮೊನ್ನೆ ಅಲ್ಲಿ ಗಿರ್ಮಿಟ್ ತಿನ್ನುತ್ತ ನಿಂತಾಗ ನಮ್ಮೊಳಗೆ ಒಂದು ಪ್ರಶ್ನೆ ಎದ್ದಿತು: ಈ ಗದ್ದಲದಲ್ಲಿ ಯಾರದಾದರೂ ಕೈಗೂಸಿನ ಉಸಿರು ನಿಂತರೆ ನಾವೇನು ಮಾಡ್ತೀವಿ? "ಎದಿ ಒತ್ತಬೇಕು" ಅಂದ ಒಬ್ಬ. "ಸಣ್ಣ ಕೂಸಲೇ, ಎಲುಬು ಮುರದ್ರ? ಕಣ್ಣಾಗ ರಕ್ತ ಇಳದ್ರ?" ಅಂದ ಇನ್ನೊಬ್ಬ. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಹಾಸ್ಟೆಲ್‌ಗೆ ಬಂದು ಓದಿದೆವು.

ಮೊದಲು ಎಲುಬು. ದೊಡ್ಡವರಿಗೆ ಸಿಪಿಆರ್ ಮಾಡುವಾಗ ಪಕ್ಕೆಲುಬು ಮುರಿಯೋದು ಸಾಮಾನ್ಯ. ಮಕ್ಕಳಲ್ಲಿ ಅದು ವಿರಳ, ಯಾಕಂದ್ರೆ ಅವರ ಪಕ್ಕೆಲುಬು ಬಾಗುತ್ತವೆ. ಅಳತೆ ಹೀಗಿದೆ: ಎದೆಯ ದಪ್ಪದ ಮೂರನೇ ಒಂದು ಭಾಗ, ಅಂದರೆ ಕೂಸಿಗೆ ಸುಮಾರು 4 ಸೆಂ.ಮೀ., ದೊಡ್ಡ ಮಗುವಿಗೆ 5 ಸೆಂ.ಮೀ. ನಿಮಿಷಕ್ಕೆ 100ರಿಂದ 120 ಸಲ. ಕೂಸಿಗಾದರೆ ಎದೆಯನ್ನು ಎರಡೂ ಕೈಯಿಂದ ಬಳಸಿ ಹಿಡಿದು ಎರಡು ಹೆಬ್ಬೆರಳಿನಿಂದ ಒತ್ತಬೇಕು.

ಎರಡನೆಯದು ಗಾಳಿ. ಮಕ್ಕಳಲ್ಲಿ ಹೆಚ್ಚಾಗಿ ಉಸಿರು ಮೊದಲು ನಿಲ್ಲುತ್ತದೆ, ಹೃದಯ ಆಮೇಲೆ. ಅದಕ್ಕೇ 30 ಸಲ ಒತ್ತಿದ ಮೇಲೆ 2 ಸಲ ಉಸಿರು ಊದೋದು ಮುಖ್ಯ. ಆದರೆ ಬಲೂನಿನ ಹಾಗೆ ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗಬಹುದು, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಅತಿಯಾದ ಒತ್ತಡಕ್ಕೆ ಶ್ವಾಸಕೋಶವೇ ಸೋರಬಹುದು. ಎದೆ ಮೇಲೇಳೋದು ಕಂಡರೆ ಸಾಕು, ನಿಲ್ಲಿಸಬೇಕು.

ಇನ್ನು ಕಣ್ಣು. ಎದೆ ಒತ್ತಿದಾಗ ರಕ್ತನಾಳದ ಒತ್ತಡ ಏರುತ್ತದೆ ನಿಜ. ಆದರೂ ಸಿಪಿಆರ್ ಒಂದರಿಂದಲೇ ರೆಟಿನಾದಲ್ಲಿ ರಕ್ತಸ್ರಾವ ಆಗೋದು ಅಪರೂಪ. ಆದರೂ ಸಾಮಾನ್ಯವಾಗಿ ಕೆಲವೇ ಸಣ್ಣ ಚುಕ್ಕೆ, ಅದೂ ಕಣ್ಣಿನ ಹಿಂಭಾಗದಲ್ಲಿ. ನಿಜವಾದ ಅಪಾಯ ಇರೋದು ಕೂಸನ್ನು ಹಿಡಿದು ಜೋರಾಗಿ ಅಲುಗಾಡಿಸೋದರಲ್ಲಿ. ತಲೆ ಹಿಂದೆ ಮುಂದೆ ಹೊಯ್ದಾಡಿದಾಗ ಕಣ್ಣಿನೊಳಗಿನ ಲೋಳೆ ರೆಟಿನಾವನ್ನು ಜಗ್ಗುತ್ತದೆ. ಪದರ ಪದರದಲ್ಲಿ, ಅಂಚಿನವರೆಗೂ ರಕ್ತ ಒಸರುತ್ತದೆ, ಮಿದುಳಿಗೂ ಪೆಟ್ಟು. ಈ ವ್ಯತ್ಯಾಸವನ್ನು ವೈದ್ಯರು ಎಚ್ಚರದಿಂದ ನೋಡುತ್ತಾರೆ. ಕೂಸನ್ನು ಹಿಂಸಿಸಿದವರು "ಸಿಪಿಆರ್ ಮಾಡಿದ್ವಿ" ಅಂತ ತಪ್ಪಿಸಿಕೊಳ್ಳಬಾರದು, ಉಳಿಸಲು ಹೋದವರು ಆರೋಪಿಯೂ ಆಗಬಾರದು.

ಕಣ್ಣಿನ ಮಾತಿಗೆ ಇನ್ನೊಂದು ಮುಖವಿದೆ. ಅದು ರಸ್ತೆಯದ್ದಲ್ಲ, ಹೆರಿಗೆ ವಾರ್ಡಿನದ್ದು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ರೆಟಿನಾದಲ್ಲಿ ರಕ್ತನಾಳ ಇನ್ನೂ ಪೂರ್ತಿ ಬೆಳೆದಿರೋದಿಲ್ಲ. ಜೀವ ಉಳಿಸಲು ಕೊಟ್ಟ ಆಮ್ಲಜನಕ ಅತಿಯಾದರೆ ಆ ಬೆಳವಣಿಗೆ ನಿಂತು, ಮುಂದೆ ಅಡ್ಡಾದಿಡ್ಡಿ ನಾಳ ಹುಟ್ಟಿ, ರೆಟಿನಾ ಕಿತ್ತು ಕುರುಡಾಗಬಹುದು. ಇದೇ ಆರ್‌ಒಪಿ. 1950ರ ದಶಕದಲ್ಲಿ ಈ ನಂಟು ಖಚಿತವಾದಾಗ ಆಮ್ಲಜನಕವನ್ನು ತೀರಾ ಕಡಿಮೆ ಮಾಡಿದರು. ಆಗ ಕೂಸುಗಳ ಸಾವು ಹೆಚ್ಚಾಯಿತು. ಈಗ ಪಲ್ಸ್ ಆಕ್ಸಿಮೀಟರ್ ನೋಡಿ ಅಳೆದು ಕೊಡುತ್ತಾರೆ. ದಿನ ತುಂಬಿದ ಕೂಸಿಗಾದರೆ 21% ಆಮ್ಲಜನಕವಿರುವ ಸಾಮಾನ್ಯ ಗಾಳಿಯಿಂದಲೇ ಶುರು.

ಇಲ್ಲಿ ನಮ್ಮ ರಾಜ್ಯದ್ದೇ ಒಂದು ಕೆಲಸ ಹೇಳಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ 'ಕಿಡ್‌ರಾಪ್' ಶುರುಮಾಡಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ರೆಟಿನಾದ ಚಿತ್ರ ತೆಗೆದು ಇಂಟರ್‌ನೆಟ್‌ನಲ್ಲಿ ಕಳಿಸುತ್ತಾರೆ, ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಹುಟ್ಟಿದ 30 ದಿನದೊಳಗೆ ತಪಾಸಣೆ ಮಾಡಿ, ಬೇಕಾದರೆ ಲೇಸರ್ ಕೊಟ್ಟರೆ ಹೆಚ್ಚಿನ ಕಣ್ಣು ಉಳಿಯುತ್ತವೆ. ಇಲ್ಲಿ ಕ್ಯಾಮೆರಾ, ನೆಟ್‌ವರ್ಕ್, ಸಾಫ್ಟ್‌ವೇರ್ ಎಲ್ಲವೂ ನಮ್ಮ ಓದಿನ ವಿಷಯವೇ.

ಹಾಗಾದರೆ ದುರ್ಗದಬೈಲ್‌ನ ಪ್ರಶ್ನೆಗೆ ಉತ್ತರ? ಅಂಗಾಲು ತಟ್ಟಿ ಕರೆದರೂ ಕೂಸು ಅಲುಗದಿದ್ದರೆ, ಸರಿಯಾಗಿ ಉಸಿರಾಡದಿದ್ದರೆ, ಸ್ಪೀಕರ್ ಹಾಕಿ 108ಕ್ಕೆ ಫೋನ್ ಮಾಡಿ, ಒತ್ತಲು ಶುರು ಮಾಡಬೇಕು. ಆಮ್ಲಜನಕ ಇಲ್ಲದೆ ನಾಲ್ಕೈದು ನಿಮಿಷದಲ್ಲೇ ಮಿದುಳಿಗೆ ಹಾನಿ ಶುರುವಾಗುತ್ತದೆ. ಆ ಗದ್ದಲ ದಾಟಿ ಆಂಬುಲೆನ್ಸ್ ಬರೋಕೆ ಅಷ್ಟು ಹೊತ್ತು ಬೇಕೇ ಬೇಕು. ಒತ್ತಿದರೆ ಆಗಬಹುದಾದ ಹಾನಿ ಸಣ್ಣದು, ಸುಮ್ಮನೆ ನಿಂತರೆ ಆಗೋದು ದೊಡ್ಡದು. ಅಲುಗಾಡಿಸೋದು ಮಾತ್ರ ಬ್ಯಾಡ. ಓದಿದ್ದಷ್ಟೇ ಸಾಲದು, ಗೊಂಬೆಯ ಮೇಲೆ ಒಮ್ಮೆ ಕೈಯಾರೆ ಕಲಿಯಬೇಕು. ನಮ್ಮ ಗುಂಪು ಹೆಸರು ಕೊಟ್ಟಾಗಿದೆ, ನೀವೂ ಬರ್ರಿ.