ಬಸುರಿಯ ಬಿಪಿಗೆ ಯಾವ ಮಾತ್ರೆ?

‘ಏಳು ತಿಂಗಳ ಬಸುರಿ ಮಗಳಿಗೆ ಬಿಪಿ ಮಾತ್ರೆ ಬರೆದಿದ್ದಾರೆ. ಹೊಟ್ಟೆಯಲ್ಲಿರುವ ಮಗುವಿಗೆ ಏನೂ ಆಗುವುದಿಲ್ಲವೇ?’ ಇದು ತಾಯಿಯೊಬ್ಬರು ಕೇಳಿದ ಪ್ರಶ್ನೆ.

ಗರ್ಭಿಣಿಯರಲ್ಲಿ ಬಿಪಿ ಏರುವ ಕಾಯಿಲೆಯಾದ ಪ್ರಿಎಕ್ಲಾಂಪ್ಸಿಯಾದಲ್ಲಿ ಬಿಪಿಯ ಮೇಲಿನ ಅಂಕಿ 160 ಅಥವಾ ಕೆಳಗಿನದು 110 ಮುಟ್ಟಿತೆಂದರೆ ತಾಯಿಯ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯವಿರುತ್ತದೆ. ತಡಮಾಡುವಂತಿಲ್ಲ. ಹಾಗೆಂದು ಒಮ್ಮೆಲೇ ಇಳಿಸುವಂತೆಯೂ ಇಲ್ಲ. ತೂಬಿನಲ್ಲಿ ನೀರು ದಿಢೀರನೆ ತಗ್ಗಿಸಿದರೆ ಮೊದಲು ಒಣಗುವುದು ನಾಲೆಯ ಕೊನೆಯ ಗದ್ದೆ. ಮಾಸಿನ ಆಚೆಗಿರುವ ಮಗುವೇ ಆ ಕೊನೆಯ ಗದ್ದೆ. ಈ ಕಾಯಿಲೆಯಲ್ಲಿ ಗರ್ಭಕೋಶದ ರಕ್ತನಾಳಗಳು ಸಾಕಷ್ಟು ಹಿಗ್ಗಿರುವುದಿಲ್ಲ, ಅಂದರೆ ನಾಲೆಯೇ ಕಿರಿದು. ಆದ್ದರಿಂದ ಹದವಾಗಿ ಇಳಿಸುವ ಮಾತ್ರೆಯೇ ಬೇಕು.

ನಿಫೆಡಿಪಿನ್, ಲಬೆಟಲಾಲ್, ಮಿಥೈಲ್‌ಡೋಪಾ ಈ ಮೂರು ಬಿಪಿ ಮಾತ್ರೆಗಳನ್ನೂ ಎದುರುಬದುರು ನಿಲ್ಲಿಸಿ ನೋಡಿದ್ದು ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ. 2015ರಿಂದ 2017ರವರೆಗೆ 894 ಗರ್ಭಿಣಿಯರು ಪಾಲ್ಗೊಂಡರು. ಆರು ಗಂಟೆಯೊಳಗೆ, ಯಾವ ಅಪಾಯವೂ ಇಲ್ಲದೆ ಬಿಪಿ ಹತೋಟಿಗೆ ಬಂದದ್ದು ನಿಫೆಡಿಪಿನ್ ಪಡೆದ ಶೇ 84, ಲಬೆಟಲಾಲ್ ಪಡೆದ ಶೇ 77, ಮಿಥೈಲ್‌ಡೋಪಾ ಪಡೆದ ಶೇ 76 ಮಂದಿಗೆ. 2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಇದನ್ನು ಪ್ರಕಟಿಸಿತು.

ನಿಫೆಡಿಪಿನ್ ಗೆದ್ದಿತು ಎಂದು ಇಲ್ಲಿಗೇ ಷರಾ ಬರೆಯುವುದು ಅವಸರದ ಮಾತು. ಮಿಥೈಲ್‌ಡೋಪಾಕ್ಕಿಂತ ಅದು ಮೇಲೆಂಬುದು ಖಚಿತವಾಯಿತು, ಲಬೆಟಲಾಲ್‌ಗಿಂತ ಮೇಲೆಂಬುದು ಆಗಲಿಲ್ಲ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆಯೇ ಸಂಗತಿ. ಮೂರೂ ಬಾಯಲ್ಲಿ ನುಂಗುವ ಅಗ್ಗದ ಮಾತ್ರೆಗಳು. ನಿಫೆಡಿಪಿನ್ ಮತ್ತು ಲಬೆಟಲಾಲ್ ಕೊಟ್ಟಾಗ ಗಂಟೆಗೊಮ್ಮೆ ಬಿಪಿ ನೋಡಿ, ಇಳಿಯದಿದ್ದರೆ ಇನ್ನಷ್ಟು ಕೊಡಬೇಕಿತ್ತು. ಮಿಥೈಲ್‌ಡೋಪಾ ಕೊಟ್ಟದ್ದು ಒಂದೇ ಸಲ, 1000 ಮಿಲಿಗ್ರಾಂ. ಇಡೀ ವಾರ್ಡಿಗೆ ಒಬ್ಬಳೇ ನರ್ಸ್ ಇರುವ ಕಡೆ ಆ ಒಂದು ಡೋಸಿನ ಬೆಲೆ ಏನೆಂದು ಅಲ್ಲಿ ದುಡಿದವರಿಗೆ ಗೊತ್ತು.

ಮಗುವಿನ ಮಾತಿಗೆ ಬರೋಣ. ಮಿಥೈಲ್‌ಡೋಪಾ ಪಡೆದ ತಾಯಂದಿರ ಮಕ್ಕಳನ್ನು ಆಕ್ಸ್‌ಫರ್ಡ್‌ನ ವೈದ್ಯರು ಏಳೂವರೆ ವರ್ಷದವರೆಗೂ ಗಮನಿಸಿ, ಬೆಳವಣಿಗೆ ಕುಂಠಿತವಾಗಿಲ್ಲವೆಂದು 1982ರಲ್ಲಿ ವರದಿ ಮಾಡಿದರು. ಎಲ್ಲ ಬಿಪಿ ಮಾತ್ರೆಗೂ ಈ ಮಾತು ಸಲ್ಲದು. ಎನಲಪ್ರಿಲ್‌ನಂಥವು ಮಗುವಿನ ಮೂತ್ರಪಿಂಡ ಕೆಡಿಸುತ್ತವೆ. ಆಸ್ತಮಾ ಇದ್ದವರಿಗೆ ಲಬೆಟಲಾಲ್ ಒಗ್ಗದು.

ಮಾತ್ರೆ ಕಾಯಿಲೆಯನ್ನು ವಾಸಿಮಾಡದು. ಮಗು, ಮಾಸು ಎರಡೂ ಹೊರಬಂದ ಮೇಲೆಯೇ ಅದು ಇಳಿಮುಖವಾಗುವುದು. ಅಲ್ಲಿಯವರೆಗೆ ತಾಯಿಯನ್ನು ಕಾಯುವ ಕೆಲಸ ಮಾತ್ರೆಯದು. ಹಾಗಾಗಿ ತಾಯಿ ಕಾರ್ಡಿನಲ್ಲಿ ಬಿಪಿ ಬರೆಯುವ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಈ ಮಾತ್ರೆಗಳು ಇರಲೇಬೇಕು. ದೊಡ್ಡಾಸ್ಪತ್ರೆಗೆ ಆಂಬುಲೆನ್ಸ್ ಹತ್ತಿಸುವ ಮುನ್ನ ಮೊದಲ ಡೋಸ್ ಅಲ್ಲಿಯೇ ಬೀಳಬೇಕು.